ತನ್ನದನ್ನು ತಾನು ಹೇಳಬಾರದ ಊರಿನಿಂದ

ನೆರಳು ಕಟ್ಟಿದ ಇನ್ನೂರ ಹನ್ನೊಂದನೆಯ ವರ್ಷ
ನಡುಬೇಸಿಗೆ, ತಾರೀಖು ತೊಂಬತ್ತೇಳು
ನೆರಳಹಟ್ಟಿ

ಪ್ರೀತಿಯ ಹಳಬರೇ,

ಮೇಲಿನ ತಾರೀಖನ್ನು ನೋಡಿ ಈ ಹುಡುಗಿಗೆ ಎಣಿಸಲು ಬರುವುದಿಲ್ಲ ಎಂದುಕೊಳ್ಳಬೇಡಿ. ನಮಗೀಗ ವರ್ಷಕ್ಕೆ ಮೂರು ಬೇಸಿಗೆ: ಮುಂಬೇಸಿಗೆ, ನಡುಬೇಸಿಗೆ, ಹಿಂಬೇಸಿಗೆ. ಅವುಗಳ ಸಂದಿಯಲ್ಲಿ ಒಂದಿಷ್ಟು ಮಳೆ. ತಿಂಗಳುಗಳನ್ನು ಬಿಟ್ಟು ಬೇಸಿಗೆಗಳನ್ನೇ ಎಣಿಸುವುದರಿಂದ ತಾರೀಖು ಮೂವತ್ತೊಂದಕ್ಕೆ ನಿಲ್ಲದೆ ನೂರರ ತನಕ ಹೋಗುತ್ತದೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೂ ಕ್ಷಮಿಸಿ. ಕೆಲವು ಪದಗಳು ನಿಮ್ಮ ಕಾಲದಲ್ಲಿ ಇರಲೇ ಇಲ್ಲ. ಇನ್ನು ಕೆಲವು ನಿಮ್ಮವೇ, ಆದರೆ ನಾವು ಅವುಗಳನ್ನು ಬೇರೆ ಕೆಲಸಕ್ಕೆ ಹಚ್ಚಿಕೊಂಡಿದ್ದೇವೆ. ಅಲ್ಲದೆ ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಹೌದು, ಅದು ಇನ್ನೂ ಇದೆ! ಕಡಲು ನಮ್ಮ ಊರಿನ ಬಂದರನ್ನು ನುಂಗಿತು, ಪೇಟೆಯನ್ನು ನುಂಗಿತು, ಇಂಗ್ಲಿಷ್ ಮೀಡಿಯಂ ಮಾತ್ರ ಉಳಿದುಕೊಂಡಿತು.

ನನ್ನ ಹೆಸರು ಚಾರ್ವಿ. ನಾನು ತೇಲೂರಿನವಳು. ಮಂಗಳೂರಿನ ಆಚೆ ದೋಣಿಗಳನ್ನೂ ತೆಪ್ಪಗಳನ್ನೂ ಒಂದಕ್ಕೊಂದು ಬಿಗಿದು ಕಟ್ಟಿದ ಊರು ಅದು. ಮದುವೆಯಾಗಿ ಬಂದಿರುವುದು ಈ ನೆರಳಹಟ್ಟಿಗೆ, ನೀವು ಕೊಪ್ಪಳ ಎನ್ನುತ್ತಿದ್ದ ಸೀಮೆಯ ಬಂಡೆಗುಡ್ಡಗಳ ನಡುವಿಗೆ. ಮದುವೆಯಾಗಿ ಇನ್ನೂ ಒಂದು ಬೇಸಿಗೆಯೂ ತುಂಬಿಲ್ಲ. ನನ್ನ ಗಂಡನ ಹೆಸರು ಗವಿಸಿದ್ಧ. ಈ ಹೆಸರನ್ನು ಬರೆಯುವಾಗಲೇ ನನಗೆ ನಗು ಬರುತ್ತದೆ, ಬರೆದು ಮುಗಿಸಿದ ಮೇಲೆ ಇನ್ನೊಮ್ಮೆ ಬರೆಯೋಣ ಅನ್ನಿಸುತ್ತದೆ. ಗವಿಸಿದ್ಧ. ನೋಡಿ, ಬರೆದೇಬಿಟ್ಟೆ.

ಈ ಸಂಜೆ ನನಗೊಂದು ಪರೀಕ್ಷೆ ಇದೆ. ತಪ್ಪು ಹೇಳಿದರೆ ನಾಳೆ ಬೆಳಿಗ್ಗೆಯೇ ನಾನು ತವರಿಗೆ ಹೊರಡಬೇಕು, ಇಡೀ ಹಿಂಬೇಸಿಗೆಯನ್ನು ಅವನಿಲ್ಲದೆ ಕಳೆಯಬೇಕು. ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಲ ಅಂಗಳ ಗುಡಿಸಿದೆ, ಕುಡಿಯದೆಯೇ ನೀರು ತುಂಬಿ ಚೆಲ್ಲಿದೆ. ಇಲ್ಲಿ ನೀರು ಚೆಲ್ಲುವುದೆಂದರೆ ಸಣ್ಣ ವಿಷಯವಲ್ಲ. ಕೊನೆಗೆ ನನ್ನ ಗಂಡನ ಅಕ್ಕ ಹುಲಿಗಮ್ಮ ಕಾಗದ ತಂದುಕೊಟ್ಟು ನನ್ನನ್ನು ಮೂಲೆಗೆ ಕೂರಿಸಿದಳು. "ಹಳೇ ಮಂದಿಗೆ ಬರಿ ತಂಗಿ. ಇಲ್ಲಾಂದ್ರ ನೀ ನೆಲಾನೂ ಸವಸ್ತಿ, ಕಸಬರಿಗಿನೂ ಸವಸ್ತಿ."

ಹಳೇ ಮಂದಿ ಅಂದರೆ ನೀವು. ನಿಮಗೇ ಯಾಕೆ ಬರೆಯಬೇಕೆಂಬುದನ್ನು ಹೇಳಲು ಈ ಊರನ್ನು ಸ್ವಲ್ಪ ವಿವರಿಸಬೇಕು. ನೆರಳಹಟ್ಟಿಯ ಮೇಲೆ ಆಕಾಶಕ್ಕಿಂತ ಮೊದಲು ಬಟ್ಟೆ ಇದೆ. ಬಂಡೆಯಿಂದ ಬಂಡೆಗೆ ಹಗ್ಗ ಬಿಗಿದು, ಹಗ್ಗದ ಮೇಲೆ ಹಡಗಿನ ಹಾಯಿಗಳಂಥ ಬಿಳಿ ಬಟ್ಟೆಗಳನ್ನು ಹರಡಿರುತ್ತಾರೆ. ಅವುಗಳನ್ನು ಮೇಲ್ಹಾಸು ಎನ್ನುತ್ತಾರೆ. ಸೂರ್ಯ ಸರಿದಂತೆ ಮೇಲ್ಹಾಸುಗಳನ್ನೂ ಸರಿಸಬೇಕು. ಬೆಳಿಗ್ಗೆ ತರಕಾರಿ ಮಡಿಗಳಿಗೆ ಬಿಸಿಲು ಬಿಟ್ಟು ಶಾಲೆಯ ಮೇಲೆ ನೆರಳು ಎಳೆಯಬೇಕು, ನಡುಹಗಲು ಎಲ್ಲವನ್ನೂ ಮುಚ್ಚಬೇಕು, ಇಳಿಹೊತ್ತಿಗೆ ದನದ ಕೊಟ್ಟಿಗೆಯ ಕಡೆ ತಿರುಗಿಸಬೇಕು. ಸಂಜೆ ಎಲ್ಲವನ್ನೂ ಮಡಿಸಿದಾಗ ಊರಿನ ಮೇಲೆ ಒಮ್ಮೆಲೇ ಆಕಾಶ ತೆರೆದುಕೊಳ್ಳುತ್ತದೆ. ನಾನು ಪ್ರತಿ ಸಂಜೆ ಅದನ್ನು ನೋಡಿ ಕೂಗಿಬಿಡುತ್ತೇನೆ, ಪಕ್ಕದ ಮನೆಯವರು ಈಗ ಅಭ್ಯಾಸ ಮಾಡಿಕೊಂಡಿದ್ದಾರೆ. ಈ ಬಟ್ಟೆಗಳನ್ನು ಸರಿಸುವವರೇ ಹಾಸುಗಾರರು. ಅವರು ಹಗ್ಗದ ಮೇಲೆ ಬರಿಗಾಲಲ್ಲಿ ನಡೆಯುತ್ತಾರೆ. ಗವಿಸಿದ್ಧ ಹಾಸುಗಾರ. ನಮ್ಮ ತೇಲೂರಿಗೆ ಅವನು ಬಂದದ್ದೇ ಹಳೆಯ ಹಾಯಿಬಟ್ಟೆ ಕೊಳ್ಳಲು. ನಾನು ಬಟ್ಟೆ ತೋರಿಸುತ್ತಾ ಒಂದು ಗಂಟೆ ಮಾತಾಡಿದೆ, ಅವನು ಒಂದು ಗಂಟೆ ಕೇಳಿದ. ಆಮೇಲೆ ಅವನು ಹಾಯಿಗಳನ್ನು ಕೊಳ್ಳುವುದನ್ನೇ ಮರೆತು ಹೊರಟ, ಮತ್ತೆ ಬರಬೇಕಾಯಿತು. ಆ ಎರಡನೆಯ ಸಲ ನಮ್ಮ ಮದುವೆ ನಿಶ್ಚಯವಾಯಿತು.

ಈ ಊರಿನ ಜನ ತಮ್ಮ ಭಾವನೆಯನ್ನು ತಾವು ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳಬಾರದು. ನಿಮ್ಮ ಕಾಲದಿಂದ ಬೇಸತ್ತು ಮಾಡಿಕೊಂಡ ಕಟ್ಟಳೆ ಇದು, ದಯವಿಟ್ಟು ನೊಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಪ್ರತಿಯೊಬ್ಬರೂ ದಿನವಿಡೀ ತಮ್ಮ ಸಂತೋಷವನ್ನೂ ಸಂಕಟವನ್ನೂ ಕೈಯಲ್ಲಿನ ಫೋನಿನ ಮೂಲಕ ಊರಿಗೆಲ್ಲ ಸಾರುತ್ತಿದ್ದರಂತೆ. ಹಳದಿ ಮುಖಗಳನ್ನೂ ಕೆಂಪು ಹೃದಯಗಳನ್ನೂ ಕಳಿಸುತ್ತಿದ್ದರಂತೆ. ಎಲ್ಲರೂ ಹೇಳುವವರೇ ಆದಾಗ ಕೇಳುವವರು ಉಳಿಯಲಿಲ್ಲ. ಮೊದಲು ನೆರಳು ಕಟ್ಟಿದವರು ಒಂದು ಮಾತಿಗೆ ಬಂದರು: ಒಬ್ಬರ ಒಳಗನ್ನು ಇನ್ನೊಬ್ಬರು ಹೇಳಲಿ. ಹೇಳಿದ್ದು ಸರಿಯಾದರೆ ಅಂಗೈಯನ್ನು ಎದೆಗಿಡಬೇಕು, ತಪ್ಪಾದರೆ ತಲೆ ಅಲ್ಲಾಡಿಸಬೇಕು. ಅಷ್ಟೇ. ಸರಿ ಉತ್ತರವನ್ನು ಮಾತ್ರ ಹೇಳಿಕೊಡುವಂತಿಲ್ಲ. ಹಸಿವು, ಬಾಯಾರಿಕೆ, ಮೈಯ ನೋವನ್ನು ಹೇಳಿಕೊಳ್ಳಬಹುದು. ಹಾಲುಹಲ್ಲು ಬೀಳದ ಮಕ್ಕಳು ಏನನ್ನಾದರೂ ಹೇಳಬಹುದು. ಮತ್ತು ಸತ್ತವರ ಮುಂದೆ ಹೇಳಿಕೊಂಡರೆ ತಪ್ಪಲ್ಲ, ಏಕೆಂದರೆ ಅವರಿಗೆ ಅದರಿಂದ ತೊಂದರೆ ಇಲ್ಲ. ಆದ್ದರಿಂದಲೇ ಹೊಸದಾಗಿ ಮದುವೆಯಾದವರು ನಿಮಗೆ ಕಾಗದ ಬರೆದು ಊರಾಚೆಯ ಬಂಡೆಯ ಬಿರುಕಿನಲ್ಲಿ ಇಡುತ್ತಾರೆ. ನೀವು ಸತ್ತಿದ್ದೀರಿ ಎಂದು ಇಷ್ಟು ಒರಟಾಗಿ ಹೇಳಬೇಕಾಯಿತು. ಆದರೆ ಇದನ್ನು ಬರೆಯುವಾಗ ನನಗೆ ನೀವು ಬದುಕಿಯೇ ಕಾಣುತ್ತೀರಿ.

ನನಗೆ ಈ ಕಟ್ಟಳೆ ಎಂಥ ಶಿಕ್ಷೆ ಎಂದು ಯೋಚಿಸಿ! ನಮ್ಮ ಶಾಲೆಯಲ್ಲಿ ಬೆಳಗಿನ ಮೊದಲ ಪಾಠವೇ ಫೀಲಿಂಗ್ಸ್. ಸಾಲಾಗಿ ನಿಂತು, ಐ ಆಮ್ ಹ್ಯಾಪಿ, ಐ ಆಮ್ ಸೋ ಎಕ್ಸೈಟೆಡ್ ಎಂದು ಹೇಳಿ ಕೂರಬೇಕಿತ್ತು. ಇಲ್ಲಿಗೆ ಬಂದ ಮೊದಲ ದಿನ ಅಂಗಳದ ತುಂಬ ಕೂತಿದ್ದ ಬಂಧುಗಳ ಎದುರು ನಾನು ಕೈಚೆಲ್ಲಿ, "ನನಗೆ ಎಷ್ಟು ಖುಷಿಯಾಗಿದೆ ಗೊತ್ತಾ!" ಎಂದುಬಿಟ್ಟೆ. ಎಲ್ಲರೂ ನೆಲ ನೋಡಿದರು. ಮೈಮೇಲಿನ ಬಟ್ಟೆ ಜಾರಿದವಳನ್ನು ಕಂಡ ಹಾಗೆ. ಆಮೇಲೆ ನಾನೊಂದು ಉಪಾಯ ಹುಡುಕಿದೆ. ಮೈಯ ನೋವನ್ನು ಹೇಳಬಹುದಲ್ಲ, ಹಾಗಾಗಿ ಮನಸ್ಸಿಗೆ ಏನಾದರೂ ಆದಾಗೆಲ್ಲ ಹೊಟ್ಟೆನೋವು ಎನ್ನತೊಡಗಿದೆ. ಹುಲಿಗಕ್ಕ ಪ್ರತಿ ಸಲ ಅಜವಾನದ ಕಷಾಯ ಕುಡಿಸಿದಳು. ಅಮ್ಮನ ನೆನಪಾದರೂ ಕಷಾಯ, ಗವಿಸಿದ್ಧ ಊಟಕ್ಕೆ ತಡವಾಗಿ ಬಂದರೂ ಕಷಾಯ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳು ಹೌಹಾರಿದಳು. "ಎಂತ ಮಾರಾಯ್ತಿ ಇದು? ಬಾಯಿಬಿಟ್ಟು ಹೇಳ್ಲಿಕ್ಕೆ ಸಹ ಬಿಡುದಿಲ್ವಾ ಅವರು? ನೀನು ಸುಮ್ಮನೆ ಬಂದ್ಬಿಡು ಇಲ್ಲಿಗೆ!" ನಾನು ಬರಲಾರೆ ಎಂದೆ. ಯಾಕೆಂದು ಅವಳು ಕೇಳಿದಳು. ಅಂಗಳದಲ್ಲಿ ಎಲ್ಲರೂ ಇದ್ದರು, ಹೇಳುವಂತಿರಲಿಲ್ಲ.

ಭಾವನೆ ಎಂಬ ಪದದ ಹುಟ್ಟನ್ನು ನನಗೆ ಕಲಿಸಿದವರು ಗವಿಸಿದ್ಧನ ಅಜ್ಜಿ ದ್ಯಾಮವ್ವ ಆಯಿ. ನಾನು ಶಾಲೆಯಲ್ಲಿ ಕಲಿತ ಇಮೋಷನ್ ಎಂಬ ಪದದ ಬೇರು ಲ್ಯಾಟಿನ್ನಿನದು. ಹೊರಕ್ಕೆ ಸರಿಯುವುದು, ಕದಲಿಸಿ ಹೊರಹಾಕುವುದು ಎಂದು ಅದರ ಅರ್ಥ. ಭಾವನೆಯ ಬೇರು ಸಂಸ್ಕೃತದ ಭೂ ಎಂಬ ಧಾತು, ಇರುವುದು, ಆಗುವುದು. ಭಾವವೆಂದರೆ ಇರುವಿಕೆ, ಭಾವನೆಯೆಂದರೆ ಆಗುವಂತೆ ಮಾಡುವುದು. ಇಷ್ಟನ್ನು ನಾನು ಪುಸ್ತಕದಲ್ಲಿ ಓದಿ ಆಯಿಯ ಮುಂದೆ ಒಪ್ಪಿಸಿದೆ. ಆಯಿ ಆಗ ಹಾಸುಗಾರರಿಗೆ ಉಷ್ಣಕ್ಕೆ ಕೊಡುವ ನೆಲ್ಲಿಪುಡಿ ಮಾಡುತ್ತಿದ್ದರು. ಒಣಗಿದ ನೆಲ್ಲಿಯ ಪುಡಿಗೆ ಹಸಿ ನೆಲ್ಲಿಯ ರಸ ಹಾಕಿ ಅರೆಯುವುದು, ಒಣಗಿಸುವುದು, ಮತ್ತೆ ರಸ ಹಾಕಿ ಅರೆಯುವುದು. ನಿಮ್ಮ ಕಾಲದ ವೈದ್ಯರೂ ಇದನ್ನು ಮಾಡುತ್ತಿದ್ದರು, ಅವರೂ ಇದನ್ನು ಭಾವನೆ ಕೊಡುವುದು ಎಂದೇ ಕರೆಯುತ್ತಿದ್ದರು.

"ನೆಲ್ಲಿಪುಡಿಗೆ ನೆಲ್ಲಿರಸವೇ ಯಾಕೆ ಆಯಿ?" ಎಂದೆ. "ಅದರಲ್ಲಿ ಇರುವುದೇ ಅದು ತಾನೇ?"

"ಇದ್ದದ್ದನ್ನ ಇನ್ನಷ್ಟು ಇರೂ ಹಂಗ ಮಾಡೂದಕ್ಕ ಭಾವನಿ ಅಂತಾರವಾ," ಎಂದರು ಆಯಿ. "ಒಂದ್ ಸಲ ಅರದ್ರ ಅದು ಪುಡಿನ. ಒಬ್ರು ಕುಂತು ಅರೀತಾನ ಇರಬೇಕು. ಪುಡಿ ತನ್ನಷ್ಟಕ್ಕ ತಾ ಅರಕೊಳ್ಳೂದಿಲ್ಲ."

ನಾನು ಓಡಿಹೋಗಿ ಅವರನ್ನು ತಬ್ಬಿಕೊಂಡೆ. ತಬ್ಬಿಕೊಳ್ಳಬಾರದೆಂದು ಯಾವ ಕಟ್ಟಳೆಯೂ ಇಲ್ಲ, ನಾನು ವಿಚಾರಿಸಿದ್ದೇನೆ. ಆಯಿಯ ಸೆರಗಿಗೆಲ್ಲ ನೆಲ್ಲಿರಸವಾಯಿತು. "ಇದಕ್ಕ ಲಗೂನ ಹೊಟ್ಟಿನೋವು ಬರ್ತೈತಿ ನೋಡ್ರಿ," ಎಂದರು ಅವರು ಹುಲಿಗಕ್ಕನ ಕಡೆ ತಿರುಗಿ.

ಇಲ್ಲಿ ಭಾವನೆ ಎಂದರೆ ಒಬ್ಬರು ಇನ್ನೊಬ್ಬರ ಮೇಲೆ ಮಾಡುವ ಕೆಲಸ. ಅಕ್ಕ ತಮ್ಮನನ್ನು ಭಾವಿಸುತ್ತಾಳೆ, ನೆರೆಯವರು ನೆರೆಯವರನ್ನು. ದಿನವೂ ಯಾರಾದರೂ ಯಾರಿಗಾದರೂ, ನಿನಗಿವತ್ತು ಬೇಜಾರು, ನಿನಗೆ ಹೊಟ್ಟೆಕಿಚ್ಚು ಎಂದು ಎದುರಿಗೇ ಹೇಳುತ್ತಿರುತ್ತಾರೆ. ಬೀದಿಯಲ್ಲಿ ನಡೆಯುವುದೆಂದರೆ ಒಂದು ಬಗೆಯ ಬಿಸಿಲಿಗೆ ಒಡ್ಡಿಕೊಂಡಂತೆ. ಹೊಸ ದಂಪತಿ ಮಾತ್ರ ಒಬ್ಬರದನ್ನೊಬ್ಬರು ಹೇಳದೆ ಒಂದು ಬೇಸಿಗೆ ಕಾಯಬೇಕು. ಬೇಸಿಗೆಯ ಕಡೆಯಲ್ಲಿ ಮೇಲ್ಹಾಸು ಮಡಿಸುವ ಹೊತ್ತಿಗೆ ಎಲ್ಲರೂ ಅಂಗಳದಲ್ಲಿ ಸೇರುತ್ತಾರೆ. ಹೊರಗಿನಿಂದ ಬಂದವರು ಮೊದಲು ಹೇಳಬೇಕು: ನಿನ್ನೊಳಗೆ ಇಂಥದ್ದಿದೆ. ಸರಿಯಾದರೆ ಇನ್ನೊಬ್ಬರ ಸರದಿ. ಎರಡೂ ಸರಿಯಾದರೆ ಸಂಸಾರ ಶುರು, ಹೋಳಿಗೆ ಊಟ. ತಪ್ಪಾದರೆ ಅಲ್ಲಿಗೇ ನಿಂತಿತು. ಇಬ್ಬರೂ ತಂತಮ್ಮ ಮನೆಯಲ್ಲಿ ಒಂದು ಬೇಸಿಗೆ ಇದ್ದು ಮತ್ತೆ ಕೂಡಬೇಕು, ಆ ತನಕ ಫೋನೂ ಇಲ್ಲ. ಅದನ್ನು ಯಾರೂ ಅವಮಾನ ಎನ್ನುವುದಿಲ್ಲ. ಆಯಿಯೇ ಎರಡು ಬಾರಿ ತವರಿಗೆ ಹೋಗಿದ್ದರಂತೆ. "ಮೂರನೇ ಸಲ ಅವನ ಮಾರಿ ನೋಡಿದ್ದ ತಡ, ಹೇಳಿಬಿಟ್ನಿ. ಹಸಿವಿ ಅಂತ. ಅದು ಭಾವನೇನ ಅಲ್ಲ, ಆದ್ರೂ ಅಂವ ಎದಿ ಮ್ಯಾಲ ಕೈ ಇಟ್ಟ," ಎಂದು ನಗುತ್ತಾರೆ.

ನನಗೆ ಆ ಯೋಚನೆ ಇಲ್ಲ. ಅವನೊಳಗೆ ಇರುವುದೇನೆಂದು ನನಗೆ ಗೊತ್ತು: ಸಂತೋಷ! ಅವನು ಮನೆಯಲ್ಲಿ ಯಾವಾಗಲೂ ಗುನುಗುತ್ತಿರುತ್ತಾನೆ. ರಾಗವೇನಲ್ಲ, ಗಂಟಲಲ್ಲೇ ಉಳಿಯುವ ಒಂದು ಸಣ್ಣ ಸದ್ದು. ನಾನು ಒಲೆಯ ಬಳಿ ಇದ್ದು ಅವನು ಒಳಗೆ ಬಂದರೆ ಗುನುಗುತ್ತಾನೆ. ನಾನು ತಲೆ ಬಾಚಿಕೊಳ್ಳುವಾಗ ಹಿಂದಿನಿಂದ ಹಾದುಹೋದರೆ ಗುನುಗುತ್ತಾನೆ. ನಾನು ಹೊರಗೆ ಹೋದೊಡನೆ ನಿಲ್ಲಿಸುತ್ತಾನೆ, ಕಿವಿಗೊಟ್ಟು ನೋಡಿದ್ದೇನೆ. ನನಗಾಗಿ ಮಾತ್ರ ಗುನುಗುವ ಗಂಡ! ತೇಲೂರಿನಲ್ಲಿ ಖುಷಿಯಾಗಿರುವ ಮನುಷ್ಯನನ್ನು ಗುರುತಿಸುವುದೇ ಹೀಗೆ. ಇನ್ನು ಬರೆಯಲಾರೆ. ಮೇಲ್ಹಾಸು ಮಡಿಸುವ ಸದ್ದು ಕೇಳಿಸುತ್ತಿದೆ, ಸೀರೆಯ ನೆರಿಗೆ ಇನ್ನೂ ಸರಿಯಾಗಿಲ್ಲ.

ತಾರೀಖು ತೊಂಬತ್ತೆಂಟು, ಬೆಳಿಗ್ಗೆ

ಹಳಬರೇ, ನಾನು ಊರಂಚಿನ ಬಸ್‌ ನಿಲ್ದಾಣದಲ್ಲಿ ಕೂತಿದ್ದೇನೆ. ಪಕ್ಕದಲ್ಲಿ ನನ್ನ ಬಟ್ಟೆಯ ಗಂಟು.

ನಿನ್ನೆ ಅಂಗಳ ತುಂಬಿತ್ತು. ಗವಿಸಿದ್ಧ ನನ್ನ ಎದುರು ಚಾಪೆಯ ಮೇಲೆ ಕೂತಿದ್ದ, ಹಗ್ಗ ಹಿಡಿದು ಹಿಡಿದು ದಡ್ಡುಗಟ್ಟಿದ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು. ದ್ಯಾಮವ್ವ ಆಯಿ, "ಹೇಳವಾ, ಅವಸರ ಮಾಡಬ್ಯಾಡ," ಎಂದರು. ನಾನು ಅವಸರ ಮಾಡಿದೆ. "ನಿನ್ನೊಳಗೆ ಸಂತೋಷವಿದೆ!" ಎಂದೆ. ಯಾರೂ ಕೇಳದಿದ್ದರೂ ಪುರಾವೆಯನ್ನೂ ಕೊಟ್ಟೆ. "ಮನೆಯಲ್ಲಿ ನಾನಿದ್ದಾಗೆಲ್ಲ ಗುನುಗುತ್ತೀಯಲ್ಲ, ಅದಕ್ಕೇ ಗೊತ್ತಾಯಿತು."

ಹಾಸುಗಾರರು ಕೂತಿದ್ದ ಕಡೆ ಯಾರೋ ಉಸಿರೆಳೆದುಕೊಂಡರು. ಗವಿಸಿದ್ಧ ನನ್ನ ಮುಖವನ್ನೇ ನೋಡಿದ. ಒಂದು ಸುಳ್ಳು ಅಂಗೈ ಎದೆಗೆ ಹೋಗಿದ್ದರೆ ಸಾಕಿತ್ತು, ಯಾರು ತಾನೇ ಪ್ರಶ್ನಿಸುತ್ತಿದ್ದರು? ಒಲೆಯ ಮೇಲೆ ಹೂರಣ ಬೇಯುತ್ತಿತ್ತು, ಎಲೆ ಹಾಕಿಯಾಗಿತ್ತು. ಅವನ ಬಲಗೈ ತೊಡೆಯಿಂದ ಸ್ವಲ್ಪ ಮೇಲೆದ್ದದ್ದನ್ನು ನಾನು ಕಂಡೆ. ಅದು ಮತ್ತೆ ತೊಡೆಯ ಮೇಲೆ ಕೂತಿತು. ಅವನು ತಲೆ ಅಲ್ಲಾಡಿಸಿದ.

ಅವನ ಸರದಿ ಬರಲೇ ಇಲ್ಲ. ಏನೋ ಹೇಳಲು ತಯಾರಾಗಿ ಕೂತಿದ್ದ ಬಾಯಿಯನ್ನು ಅವನು ಮುಚ್ಚಿಕೊಂಡ.

ನಾನು ಒಳಮನೆಗೆ ಓಡಿದೆ. ಹುಲಿಗಕ್ಕ ಹಿಂದೆಯೇ ಬಂದಳು. "ಸಿಟ್ಟು ಬಂದೈತಿ ನಿನಗ," ಎಂದಳು. ನಾನು ಎದೆಯ ಮೇಲೆ ಕೈಯಿಟ್ಟೆ. ಇಟ್ಟೆ ಅನ್ನುವುದಕ್ಕಿಂತ ಬಡಿದುಕೊಂಡೆ.

"ನಿಮ್ಮೂರಾಗ ಗುನುಗಿದ್ರ ಖುಷಿ ಏನು?" ಎಂದು ಕೇಳಿದಳು.

"ಮತ್ತೇನು?"

"ನೀ ಹಗ್ಗ ಹತ್ತಿಲ್ಲ, ನಿನಗ ಹೆಂಗ ಗೊತ್ತಾಗಬೇಕು." ಅವಳು ನನ್ನ ಎದುರು ಕೂತು, ಕೂಸಿಗೆ ಹೇಳುವ ಹಾಗೆ ಹೇಳಿದಳು. "ಮ್ಯಾಲ ಬಿಳಿ ಅರಿವಿ, ಅದರ ಮ್ಯಾಲ ಬಿಸಲು. ಕಣ್ಣಿಗೆ ಏನೂ ಕಾಣಂಗಿಲ್ಲ. ಬರಿಗಾಲ ಸಪ್ಪಳಾನೂ ಇಲ್ಲ. ಒಂದ ಹಗ್ಗದ ಮ್ಯಾಲ ಇಬ್ರು ಇದ್ರ, ಒಬ್ಬಂವ ಜಿಗದ್ರ ಇನ್ನೊಬ್ಬಂವ ಬಿದ್ದ. ಅದಕ್ಕ ಗುನುಗತಾರ. ನಾ ಇಲ್ಲೇ ಅದೇನಿ, ಸಾವಕಾಶ ಬರಾಕತ್ತೇನಿ ಅಂತ. ಬೀಳಬಾರದು ನೋಡು, ಮುಂದಿನವರು."

ಇಷ್ಟು ಹೇಳಿ ಅವಳು ಹೂರಣ ಇಳಿಸಲು ಹೋದಳು. ತಮ್ಮನ ಒಳಗಿನದನ್ನು ಅವಳು ಹೇಳಲಿಲ್ಲ, ಹಗ್ಗದ ವಿಷಯವನ್ನಷ್ಟೇ ಹೇಳಿದಳು. ನಾನು ಅಲ್ಲೇ ಕೂತೆ. ಈ ಬೇಸಿಗೆಯಲ್ಲಿ ಅಷ್ಟು ಹೊತ್ತು ನಾನು ಸುಮ್ಮನೆ ಕೂತದ್ದು ಅದೇ ಮೊದಲು. ಒಂದು ಕೋಣೆ, ಒಂದು ಒಲೆ, ನೀರಿನ ಕೊಡ, ಒಂದು ಮಂಚ. ಆ ಗಟ್ಟಿ ನೆಲದ ಮೇಲೆ ಅವನು ದಿನವೂ ನನ್ನ ಹಿಂದೆ ಮುಂದೆ ಹಗ್ಗದ ಮೇಲಿನಂತೆ ನಡೆದಿದ್ದ. ನಾನು ಕುಣಿಯುತ್ತಾ, ಕೂಗುತ್ತಾ, ತಬ್ಬುತ್ತಾ ಅದೇ ಹಗ್ಗದ ಮೇಲೆ ಜಿಗಿದಾಡಿದ್ದೆ.

ಹಾಗಾದರೆ ಅವನೊಳಗಿರುವುದು ಭಯವೇ? ಅಳುಕೇ? ಕಾಳಜಿಯೇ? ನಾನು ಬೀಳುತ್ತೇನೆಂಬ ಚಿಂತೆಯೇ, ತನ್ನಿಂದ ಬೀಳುತ್ತೇನೆಂಬ ಚಿಂತೆಯೇ? ನಿನ್ನೆ ಸಂಜೆಯಿಂದ ಹತ್ತು ಉತ್ತರಗಳು ಸಿಕ್ಕಿವೆ. ಒಂದೊಂದೂ ಸಿಕ್ಕಾಗ ಎದ್ದು ಓಡಿಹೋಗಿ ಅವನಿಗೆ ಹೇಳಿಬಿಡೋಣ ಅನ್ನಿಸಿದೆ. ಆದರೆ ಸಂತೋಷ ಎಂದಾಗಲೂ ನನಗೆ ಹೀಗೆಯೇ ಖಾತ್ರಿಯಿತ್ತು. ಇನ್ನು ಹಿಂಬೇಸಿಗೆ ಮುಗಿಯುವ ತನಕ ನಾನು ಹೇಳುವಂತಿಲ್ಲ. ಅರೆಯಬೇಕು, ಒಣಗಿಸಬೇಕು, ಮತ್ತೆ ಅರೆಯಬೇಕು. ನನ್ನಂಥವಳು! ಹಾಲು ಉಕ್ಕುವ ಮೊದಲೇ ಮುಚ್ಚಳ ತೆಗೆಯುವವಳು!

ಬೆಳಿಗ್ಗೆ ಅವನೇ ಗಂಟನ್ನು ಹೊತ್ತು ಇಲ್ಲಿಯ ತನಕ ಬಂದ. ಊರಿನ ಕೊನೆಯ ಮೇಲ್ಹಾಸು ಮುಗಿದು ಬಿಸಿಲು ಶುರುವಾಗುವಲ್ಲಿ ನಿಂತ. "ಬಸ್ಸಿನಾಗ ಬಲಗಡೆ ಕುಂದ್ರು. ಮಧ್ಯಾಹ್ನತನಕ ಎಡಗಡೆ ಬಿಸಲು ಬರ್ತೈತಿ," ಎಂದ. ಆಮೇಲೆ, "ಹಾಯಿಬಟ್ಟಿ ಛಲೋವು ಬಂದ್ರ ತಗದಿಡು," ಎಂದ. ನಾನು ಆಗಲಿ ಎಂದೆ. ಅವನು ಕೆಲಸಕ್ಕೆ ಹೊರಟ. ಈಗ ಇಲ್ಲಿಂದಲೇ ಅವನು ಹಗ್ಗ ಹತ್ತುವುದು ಕಾಣುತ್ತಿದೆ, ಮೇಲೆ ಹೋದಂತೆ ಬೆಳಕಿನಲ್ಲಿ ಕರಗುತ್ತಿದ್ದಾನೆ. ನನ್ನ ಬಗ್ಗೆ ಅವನು ಹೇಳಬೇಕೆಂದಿದ್ದ ಮಾತನ್ನು ಬಾಯಲ್ಲಿಟ್ಟುಕೊಂಡೇ ಹತ್ತುತ್ತಿದ್ದಾನೆ.

ಅಮ್ಮನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೇನೆ. ಅವಳು ಊರಂಚಿನ ತೆಪ್ಪದ ಮೇಲೆ ನಿಂತು ಮೊದಲು ಕೇಳುವುದೇ, ನಿನಗೆ ಹೇಗನಿಸುತ್ತಿದೆ ಎಂದು. ತೇಲೂರಿನಲ್ಲಿ ಬಾಯಿಗೆ ತಡೆಯಿಲ್ಲ. ಹ್ಯಾಪಿ, ಸ್ಯಾಡ್, ಆಂಗ್ರಿ, ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ನಿಮ್ಮ ಮುಂದೆಯೂ ತಡೆಯಿಲ್ಲ. ಅದಕ್ಕಾಗಿಯೇ ತಾನೇ ನಿನ್ನೆ ಈ ಕಾಗದಕ್ಕೆ ಕೂತದ್ದು? ಈಗ ಮೇಲಿನಿಂದ ಓದಿಕೊಂಡರೆ ಬಟ್ಟೆಯ ವಿಷಯ ಬರೆದಿದ್ದೇನೆ, ನೆಲ್ಲಿಪುಡಿಯ ವಿಷಯ ಬರೆದಿದ್ದೇನೆ, ಅವನ ಕೈ ತೊಡೆಯಿಂದ ಎಷ್ಟು ಮೇಲೆದ್ದಿತ್ತು ಎಂಬುದನ್ನೂ ಬರೆದಿದ್ದೇನೆ. ನನ್ನೊಳಗೆ ಏನಿದೆ ಎಂಬುದನ್ನು ಮಾತ್ರ ಬರೆದಿಲ್ಲ. ಬರೆಯಲು ಹೋದರೆ ಶಾಲೆಯ ಸಾಲಿನಲ್ಲಿ ನಿಂತು ಕಲಿತ ಆ ನಾಲ್ಕೈದು ಪದಗಳೇ ಬರುತ್ತವೆ, ಅವು ಯಾವುವೂ ಇದಲ್ಲ.

ಆದ್ದರಿಂದ ಒಂದು ಕೋರಿಕೆ. ಈ ಕಾಗದ ನಿಮ್ಮಲ್ಲಿ ಯಾರಿಗೆ ಸಿಕ್ಕಿದರೂ, ಇದನ್ನು ಒಮ್ಮೆ ಓದಿ ಬದಿಗಿಡಿ. ಅಡುಗೆಯೋ ಆಫೀಸೋ ಮುಗಿಸಿ ಬಂದು ಮತ್ತೊಮ್ಮೆ ಓದಿ. ಬೇಕಾದರೆ ಇನ್ನೊಮ್ಮೆ. ಆಮೇಲೆ ನನ್ನೊಳಗೆ ಇರುವುದು ಇಂಥದ್ದು ಎಂದು ಬಾಯಿಬಿಟ್ಟು ಹೇಳಿ. ಅಕ್ಕಪಕ್ಕ ಯಾರೂ ಇಲ್ಲದಿದ್ದರೂ ಹೇಳಿ. ನಾನು ಕೇಳಿಸಿಕೊಳ್ಳಲಾರೆ, ನೀವು ಹೇಳಿದ್ದು ಸರಿಯೋ ತಪ್ಪೋ ನಿಮಗೂ ತಿಳಿಯದು. ಆದರೂ ನನ್ನದನ್ನು ಯಾರೋ ಒಬ್ಬರು, ಇಷ್ಟು ದೂರದಿಂದ, ಕೂತು ಹೇಳಿದರು ಎಂದಾಗುತ್ತದೆ.

ಬಸ್ಸಿನ ಧೂಳು ಕಾಣುತ್ತಿದೆ. ಬಂಡೆಯ ಬಿರುಕಿಗೆ ಓಡಿಹೋಗಿ ಇದನ್ನು ಇಟ್ಟು ಬರಬೇಕು.

ನಿಮ್ಮ,
ಚಾರ್ವಿ